ಮತ್ತೆ ನಿಲ್ಲುವಂತೆ ಮಾಡಿದವರಿಗೆ

ಮೊನ್ನೆ ಆಗಸ್ಟ್ 15ಕ್ಕೆ ನಮ್ಮ ಶಾಲೆಯ ಅಂಗಳದಲ್ಲಿ ರಾಷ್ಟ್ರಗೀತೆ, ನಾಡಗೀತೆ ಎರಡೂ ಮುಗಿಯುವ ತನಕ ನಾನು ಏನನ್ನೂ ಹಿಡಿದುಕೊಳ್ಳದೆ ನಿಂತಿದ್ದೆ. ಹೋದ ವರ್ಷ ಇದೇ ಹೊತ್ತಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ನನಗೆ ಇಬ್ಬರು ಬೇಕಿತ್ತು. ಈ ಒಂದು ವರ್ಷದಲ್ಲಿ ಫೋನ್ ಮಾಡಿ ವಿಚಾರಿಸಿದವರು, ಮನೆಗೆ ಬಂದು ಕೂತು ಮಾತಾಡಿಸಿದವರು ತುಂಬ ಜನ. ಎಷ್ಟೋ ಫೋನಿಗೆ ಉತ್ತರಿಸಲು ಆಗಲಿಲ್ಲ. ಈಗ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

2024ರ ಜುಲೈ. ಹೊಸನಗರದ ಕಡೆಯ ಜುಲೈ ಮಳೆ ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ. ನನಗೆ ಹೊಟ್ಟೆ ಕೆಟ್ಟು ವಾಸಿಯಾಗಿತ್ತು. ಅದಾದ ಮೇಲೆ ಪಾದ ಜುಮುಜುಮು ಅನ್ನಲು ಶುರುವಾಯಿತು. ಆಮೇಲೆ ಮೊಣಕಾಲು ಸೋತಿತು, ಆಮೇಲೆ ಕೈ. ಚಾಕ್‌ಪೀಸ್ ಹಿಡಿಯಲು ಆಗಲಿಲ್ಲ. ಮಣಿಪಾಲಕ್ಕೆ ಹೊರಟಾಗ ಹುಲಿಕಲ್ ಘಾಟಿಯಲ್ಲಿ ಎದುರಿನ ರಸ್ತೆಯೇ ಕಾಣುತ್ತಿರಲಿಲ್ಲ. ಆ ರಾತ್ರಿ ನಮ್ಮನ್ನು ಕ್ಷೇಮವಾಗಿ ಇಳಿಸಿದ ಆಂಬುಲೆನ್ಸ್ ಚಾಲಕರಿಗೆ ನನ್ನ ಮೊದಲ ನಮಸ್ಕಾರ.

ಕಾಯಿಲೆಯ ಹೆಸರು ಗಿಯಾನ್-ಬಾರೆ ಸಿಂಡ್ರೋಮ್. ಜಿಬಿಎಸ್ ಅಂತಾರೆ. ಸೋಂಕಿನ ವಿರುದ್ಧ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ನರಗಳ ಮೇಲೆ, ಹೆಚ್ಚಾಗಿ ಅವುಗಳ ಹೊರಪದರದ ಮೇಲೆ, ತಿರುಗಿ ಬೀಳುತ್ತದೆ. ಮೆದುಳಿನ ಆಜ್ಞೆ ಸ್ನಾಯುವಿಗೆ ಸರಿಯಾಗಿ ಮುಟ್ಟುವುದಿಲ್ಲ. ಉಸಿರಾಟದ ಸ್ನಾಯುಗಳಿಗೂ ಇದು ಏರಬಹುದು. ಅದಕ್ಕೇ ಡಾಕ್ಟರು ಬಂದಾಗಲೆಲ್ಲ ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಣಿಸಲು ಹೇಳುತ್ತಿದ್ದರು. ಮಕ್ಕಳಿಗೆ ದಿನಾ ಎಣಿಕೆ ಕಲಿಸುವ ನಾನು ಅಲ್ಲಿ ಜೀವ ಹಿಡಿದು ಎಣಿಸಿದೆ. ಪಕ್ಕದಲ್ಲಿ ನನ್ನ ಗಂಡ ತುಟಿ ಅಲ್ಲಾಡಿಸುತ್ತ ಜೊತೆಗೇ ಎಣಿಸುತ್ತಿದ್ದರು. ನನಗೆ ವೆಂಟಿಲೇಟರ್ ಬೇಕಾಗಲಿಲ್ಲ.

ಚಿಕಿತ್ಸೆಗೆ ಐವಿಐಜಿ ಅಂತ, ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವ ಔಷಧಿ ಕೊಟ್ಟರು. ಸಾಮಾನ್ಯವಾಗಿ ದೇಹದ ತೂಕದ ಒಂದೊಂದು ಕಿಲೋಗೆ ದಿನಕ್ಕೆ 0.4 ಗ್ರಾಂ, ಐದು ದಿನ. 60 ಕಿಲೋ ತೂಗುವವರಿಗೆ ಒಟ್ಟು 120 ಗ್ರಾಂ. ದುಬಾರಿ ಔಷಧಿ. ಅಣ್ಣ ಸೊಸೈಟಿಯಲ್ಲಿ ಅಡಿಕೆಯ ಮೇಲೆ ಮುಂಗಡ ತಂದ. ಅತ್ತಿಗೆ ತನ್ನ ಬಳೆ ಬಿಚ್ಚಿ ಕೊಟ್ಟಳು. ಆ ಸಾಲ ಇನ್ನೂ ತೀರಿಸುತ್ತಿದ್ದೇವೆ. ಇದಕ್ಕಿಂತ ದೊಡ್ಡ ಇನ್ನೊಂದು ಋಣ ಇದೆ. ಈ ಔಷಧಿಯನ್ನು ಕಾರ್ಖಾನೆಯಲ್ಲಿ ರಾಸಾಯನಿಕ ಬೆರೆಸಿ ಹುಟ್ಟಿಸಲು ಬರುವುದಿಲ್ಲ. ಸಾವಿರಾರು ಜನ ಕೊಟ್ಟ ರಕ್ತದ ಪ್ಲಾಸ್ಮಾ ಒಟ್ಟುಗೂಡಿಸಿ, ಅದರಿಂದ ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ಬೇರ್ಪಡಿಸಿ ಮಾಡುತ್ತಾರೆ. ನರ್ಸ್ ಒಬ್ಬರು ಇದನ್ನು ಹೇಳಿದ ದಿನ ನಾನು ಆ ಬಾಟಲಿಯನ್ನೇ ನೋಡುತ್ತ ಮಲಗಿದ್ದೆ. ಯಾವ ಊರಿನವರೋ, ಯಾವ ಜಾತಿಯವರೋ, ಯಾವ ಭಾಷೆಯವರೋ. ರಕ್ತ ಕೊಟ್ಟು ಎದ್ದು ಕೆಲಸಕ್ಕೆ ಹೋದವರು. ಅವರಲ್ಲಿ ಒಬ್ಬರಾದರೂ ಇದನ್ನು ಓದಲಿ ಅಂತ ಆಸೆ. ನಿಮಗೆ ಕೈಮುಗಿಯುತ್ತೇನೆ.

ಆಸ್ಪತ್ರೆಯಿಂದ ಬಿಟ್ಟಾಗ ಎಲ್ಲರೂ 'ಗೆದ್ದುಬಂದಿರಿ' ಅಂದರು. ಅಸಲಿ ಕೆಲಸ ಇದ್ದದ್ದು ಮನೆಯಲ್ಲಿ. ನಮ್ಮದು ಮಲೆನಾಡಿನ ಹಳೆ ಮನೆ, ಪ್ರತಿ ಬಾಗಿಲಿಗೂ ಎತ್ತರದ ಹೊಸ್ತಿಲು. ವಾಕರ್ ಹಿಡಿದು ಒಂದು ಹೊಸ್ತಿಲನ್ನೂ ದಾಟಲು ಆಗಲಿಲ್ಲ. ನಾನು ಬರುವ ಹೊತ್ತಿಗೆ ಭಾವ ಹಲಗೆ ಕೊಯ್ಸಿ ಅಲ್ಲಲ್ಲಿ ಇಳಿಜಾರು ಮಾಡಿಸಿದ್ದರು. ಎರಡು ಕೈಗೂ ಆಧಾರ ಸಿಗುವ ಹಾಗೆ ಸಮಾನಾಂತರ ಕಂಬಿ ಬೇಕು ಅಂತ ಫಿಸಿಯೋಥೆರಪಿಸ್ಟ್ ಹೇಳಿದಾಗ ಅಡಿಕೆ ಮರ ಸೀಳಿದ ದಬ್ಬೆ ತಂದರು. ಸಿಬಿರು ಚುಚ್ಚದ ಹಾಗೆ ಉಜ್ಜಿ, ಹಳೆ ಸೀರೆ ಸುತ್ತಿ, ಸೊಂಟದ ಎತ್ತರಕ್ಕೆ ಜಗಲಿಯಲ್ಲಿ ಗಟ್ಟಿಯಾಗಿ ಕಟ್ಟಿದರು. ನನ್ನ ಹೊಸ ಕಾಲು ಹುಟ್ಟಿದ್ದು ಆ ಜಗಲಿಯಲ್ಲಿ.

ಅತ್ತೆಯ ಬಗ್ಗೆ ಎಷ್ಟು ಬರೆದರೂ ಕಡಿಮೆ. ನಾವು ನೆಟ್ಟಗೆ ನಿಲ್ಲಬೇಕಾದರೆ ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕಂತೆ. ಕಣ್ಣಿನಿಂದ, ಒಳಕಿವಿಯಿಂದ, ಪಾದ ಮತ್ತು ಕೀಲುಗಳಿಂದ. ನನ್ನ ಪಾದದ ಸುದ್ದಿ ನಿಂತುಹೋಗಿತ್ತು. ಹಾಗಾಗಿ ಕಣ್ಣು ಮುಚ್ಚಿದರೆ ವಾಲಿ ಬೀಳುತ್ತಿದ್ದೆ. ಮುಖಕ್ಕೆ ಸೋಪು ಹಚ್ಚುವುದು, ತಲೆಗೆ ನೀರು ಹಾಕಿಕೊಳ್ಳುವುದು, ಎಲ್ಲಕ್ಕೂ ಭಯ. ಮಳೆಗಾಲದಲ್ಲಿ ಕರೆಂಟ್ ಹೋದರಂತೂ ನಿಂತಲ್ಲೇ ಕುಸಿಯುತ್ತಿದ್ದೆ. ಕುರ್ಚಿಯಲ್ಲಿ ಕೂರಿಸಿ ಸ್ನಾನ ಮಾಡಿಸುವಾಗಲೂ ಅತ್ತೆ ಒಂದು ಕೈ ನನ್ನ ಭುಜದ ಮೇಲೆ ಇಟ್ಟೇ ಇರುತ್ತಿದ್ದರು. ಹಂಡೆಯ ಬಿಸಿನೀರು ಪಾದಕ್ಕೆ ಗೊತ್ತಾಗದೆ ಸುಡಬಹುದು ಅಂತ ಪ್ರತಿ ಚೊಂಬಿಗೂ ತಾವೇ ಕೈ ಅದ್ದಿ ನೋಡುತ್ತಿದ್ದರು. ಸಂಜೆಯಾದರೆ ನಾನು ಓಡಾಡುವ ದಾರಿಯುದ್ದಕ್ಕೂ ಚಾರ್ಜಿಂಗ್ ಲೈಟು ಇಡುವುದು ಅವರದೇ ಕೆಲಸ. ಅವರಿಗೆ ಎಪ್ಪತ್ತು ದಾಟಿದೆ, ಮಂಡಿನೋವಿದೆ. ಒಂದು ದಿನವೂ 'ಸಾಕಾಯ್ತು' ಅಂದವರಲ್ಲ.

ವಾರಕ್ಕೊಮ್ಮೆ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಚಿಕ್ಕ ವಯಸ್ಸಿನ ಹುಡುಗಿ. ನನಗಿಂತ ಜಾಸ್ತಿ ನನ್ನ ಮನೆಯವರಿಗೆ ಪಾಠ ಮಾಡಿದಳು. ಹೇಗೆ ಹಿಡಿಯಬೇಕು, ಯಾವ ಕಡೆ ನಿಲ್ಲಬೇಕು, ಮುಖ್ಯವಾಗಿ ಯಾವಾಗ ಕೈ ತೆಗೆಯಬೇಕು. ಕುರ್ಚಿಯಿಂದ ಏಳುವುದು, ಕೂರುವುದು. ಒಂದು ಪಾದದ ಮುಂದೆ ಇನ್ನೊಂದನ್ನು ಹಿಮ್ಮಡಿ ತಾಗಿಸಿ ನಿಲ್ಲುವುದು. ಬೆರಳಿಗೆ ಬಲ ಬರಲು ಚಪಾತಿ ಹಿಟ್ಟು ನಾದುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಮಲ್ಲಿಗೆ ಕಟ್ಟುವುದು. ಪಾದ ಜೋತು ಬೀಳದ ಹಾಗೆ ಎಎಫ್‌ಒ ಅನ್ನುವ ಪ್ಲಾಸ್ಟಿಕ್ ಆಸರೆ ಹಾಕಿಸಿದಳು. ನಾನು ಹುರುಪಿನಲ್ಲಿ ಇನ್ನಷ್ಟು ಮಾಡುತ್ತೇನೆ ಅಂದಾಗ ಬೇಡ ಅಂದಳು. ಈ ಕಾಯಿಲೆಯಲ್ಲಿ ಸುಸ್ತಾಗುವ ಮೊದಲೇ ನಿಲ್ಲಿಸಬೇಕು. ಅತಿಯಾಗಿ ದಣಿದರೆ ಮಾರನೇ ದಿನ ಇದ್ದ ಬಲವೂ ಇಳಿಯುತ್ತದೆ. ಪಕ್ಕದ ಮನೆಯವರು ಮಧ್ಯಾಹ್ನ ಒಂದರಿಂದ ಮೂರರವರೆಗೆ ಯಾರನ್ನೂ ನಮ್ಮ ಮನೆಗೆ ಬಿಡುತ್ತಿರಲಿಲ್ಲ, ನಾನು ಮಲಗಲಿ ಅಂತ. ಅದೂ ಒಂದು ಸೇವೆ. ಅವರಿಗೂ ಥ್ಯಾಂಕ್ಸ್.

ಗಂಡನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ನನ್ನನ್ನು ಎತ್ತಿದ್ದಾರೆ, ತಲೆ ಬಾಚಿದ್ದಾರೆ, ಮಲಮೂತ್ರ ತೆಗೆದಿದ್ದಾರೆ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸಲು ಆಗದೆ ಫಸಲು ಉದುರಿದ್ದರ ಬಗ್ಗೆ ನನ್ನೆದುರು ಒಂದು ಮಾತು ಆಡಲಿಲ್ಲ. ಆದರೆ ಇವೆಲ್ಲಕ್ಕಿಂತ ಕಷ್ಟದ್ದನ್ನು ಮಾಡಿದ್ದು ಚಳಿಗಾಲದಲ್ಲಿ. ನಾನು ದಬ್ಬೆ ಬಿಟ್ಟು ನಡೆಯಲು ಹೊರಟಾಗ ಒಂದು ಮಾರು ದೂರದಲ್ಲಿ ಕೈ ಕಟ್ಟಿ ನಿಂತುಬಿಟ್ಟರು. ನಾನು ತೂರಾಡಿದೆ. ಅವರ ಮುಖ ಬೆವೆತಿತ್ತು, ಕೈ ಮಾತ್ರ ಚಾಚಲಿಲ್ಲ. ನಾನೇ ಸರಿಮಾಡಿಕೊಂಡು ನಿಂತೆ. ಹಿಡಿಯುವುದಕ್ಕೆ ಪ್ರೀತಿ ಇದ್ದರೆ ಸಾಕು, ಹಿಡಿಯದೆ ಕಾಯುವುದಕ್ಕೆ ನನ್ನ ಮೇಲೆ ನಂಬಿಕೆಯೂ ಬೇಕು. ನನಗೇ ಇಲ್ಲದಿದ್ದಾಗ ಅದು ಅವರಲ್ಲಿ ಇತ್ತು.

ಮಗಳು ಏಳನೇ ಕ್ಲಾಸು. ನರದ ಎಳೆ ಹಾಳಾಗಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ ಅಂತ ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಟೇಪು ತಂದು ನನ್ನ ಸೊಂಟದಿಂದ ಹೆಬ್ಬೆರಳಿನವರೆಗೆ ಅಳೆದಳು. ಹತ್ತಿರ ಹತ್ತಿರ ಒಂದು ಮೀಟರ್. 'ಅಮ್ಮಾ, ಸಾವಿರ ದಿನ' ಅಂದಳು. ಎಲ್ಲ ನರವೂ ಬುಡದಿಂದಲೇ ಹಾಳಾಗಿರುವುದಿಲ್ಲ, ಅಷ್ಟು ಬೇಕಾಗಲಿಕ್ಕಿಲ್ಲ ಅಂತ ಡಾಕ್ಟರೇ ಅವಳಿಗೆ ಸಮಾಧಾನ ಹೇಳಿದರು. ಅವಳೇ ಇನ್ನೊಂದು ವಿಷಯ ಹುಡುಕಿದಳು. 1916ರಲ್ಲಿ ಇಬ್ಬರು ಫ್ರೆಂಚ್ ಸೈನಿಕರಲ್ಲಿ ಈ ಕಾಯಿಲೆಯನ್ನು ವಿವರಿಸಿದ್ದು ಮೂವರು ವೈದ್ಯರು. ಗಿಯಾನ್, ಬಾರೆ, ಸ್ಟ್ರೋಲ್. ಮೂರನೆಯವರ ಹೆಸರು ರೂಢಿಯಲ್ಲಿ ಬಿಟ್ಟೇಹೋಗಿದೆ, ಅದು ಸರಿಯಲ್ಲ ಅಲ್ವಾ ಅಂತ ಅವಳ ಪ್ರಶ್ನೆ. ಸರಿಯಲ್ಲ ಮಗಳೇ.

ಚಿಕ್ಕವನಿಗೆ ಇಷ್ಟೆಲ್ಲ ತಿಳಿಯುವುದಿಲ್ಲ. ರಾತ್ರಿ ನನ್ನ ಕಾಲಿಗೆ ಎಣ್ಣೆ ಹಚ್ಚಿ 'ಇಲ್ಲಿ ಗೊತ್ತಾಗುತ್ತಾ, ಇಲ್ಲಿ?' ಅಂತ ಕೇಳುವುದು ಅವನ ಪಾಲಿನ ಕೆಲಸ. ಈಗ ಮೊಣಕಾಲಿನ ಕೆಳಗೂ ಗೊತ್ತಾಗುತ್ತದೆ.

2025ರ ಜನವರಿಯಲ್ಲಿ ಪುಣೆಯಲ್ಲಿ ಜಿಬಿಎಸ್ ಹರಡಿದ ಸುದ್ದಿ ಬಂದಾಗ ಕೆಲವರು ನಮ್ಮ ಮನೆಯ ಬಗ್ಗೆ ಹೆದರಿದ್ದು ನಿಜ. ಇದು ಮುಟ್ಟಿದರೆ ಅಂಟುವ ಕಾಯಿಲೆ ಅಲ್ಲ. ಆಗ ನಮ್ಮ ಶಾಲೆಯ ಮುಖ್ಯಶಿಕ್ಷಕಿ ಮಕ್ಕಳನ್ನು ಕರೆದುಕೊಂಡು ನಮ್ಮ ಜಗಲಿಗೇ ಬಂದರು. ಮಕ್ಕಳು ನನ್ನ ಪಕ್ಕ ಒತ್ತಿ ಕೂತು ಪದ್ಯ ಹೇಳಿದರು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಜೂನ್‌ನಲ್ಲಿ ನಾನು ಕೆಲಸಕ್ಕೆ ಮರಳಿದಾಗ ಎತ್ತರದ ಕುರ್ಚಿ ಹಾಕಿಸಿ, ಕಪ್ಪುಹಲಗೆಯನ್ನು ಕೆಳಗೆ ಇಳಿಸಿ ಇಟ್ಟಿದ್ದರು. ಸಹೋದ್ಯೋಗಿಗಳು ಮಧ್ಯಾಹ್ನದ ಮೇಲಿನ ತರಗತಿಗಳನ್ನು ತಾವೇ ಹಂಚಿಕೊಂಡರು.

ಬೆರಳುಗಳ ತುದಿ ಇನ್ನೂ ಮರಗಟ್ಟಿದೆ. ಏರು ಹತ್ತುವಾಗ ಕೋಲು ಬೇಕು. ಹೆಚ್ಚಿನವರಿಗೆ ನಿಧಾನವಾಗಿ ಸುಧಾರಿಸುತ್ತದೆ, ಒಂದು ವರ್ಷ ಮೀರಿಯೂ ಆಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಕಾಯುತ್ತೇನೆ, ಅವಸರವಿಲ್ಲ.

ವಾಕರನ್ನು ಪಕ್ಕದೂರಿನ ಸೊಂಟದ ಮೂಳೆ ಮುರಿದ ಅಜ್ಜರಿಗೆ ಕೊಟ್ಟಿದ್ದೇವೆ, ಅದರ ಕಾಲುಗಳಿಗೆ ಹೊಸ ರಬ್ಬರ್ ಹಾಕಿಸಿ. ಜಗಲಿಯ ದಬ್ಬೆ ಬಿಚ್ಚಿಲ್ಲ. ಹೊಸನಗರ, ಸಾಗರದ ಸುತ್ತಮುತ್ತ ಯಾರ ಮನೆಯಲ್ಲಾದರೂ ಮತ್ತೆ ನಡೆಯಲು ಕಲಿಯುತ್ತಿರುವವರಿದ್ದರೆ ಕರೆದುಕೊಂಡು ಬನ್ನಿ. ಹೇಗೆ ಹಿಡಿಯಬೇಕು, ಯಾವಾಗ ಬಿಡಬೇಕು ಅಂತ ನಮ್ಮ ಮನೆಯವರು ತೋರಿಸಿಕೊಡುತ್ತಾರೆ.