ಬಾಯಿ ಬಿಡದ ಮಕ್ಕಳ ಬಗ್ಗೆ

ಮೈಸೂರು

ಪ್ರೀತಿಯ ಮಗಳೇ,

ದೊಡ್ಡಪ್ಪನ ಆಶೀರ್ವಾದಗಳು. ಮೊನ್ನೆ ಫೋನಿನಲ್ಲಿ 'ಎಂಟನೇ ಕ್ಲಾಸಿನ ಮಕ್ಕಳು ಏನು ಕೇಳಿದರೂ ಬಾಯೇ ಬಿಡಲ್ಲ' ಅಂದೆಯಲ್ಲ, ಅದೇ ತಲೆಯಲ್ಲಿ ಕೂತಿದೆ. ನೀನು ಪಾಂಡವಪುರದ ಕಡೆಗೆ ಹೋಗಿ ಇನ್ನೂ ಎರಡು ತಿಂಗಳು. ಹೊಸ ಮೇಡಂ ಹೇಗೋ ಏನೋ ಅಂತ ಮಕ್ಕಳೂ ನೋಡುತ್ತಿರುತ್ತಾರೆ, ಅಲ್ವಾ?

ನನ್ನದೊಂದು ತಪ್ಪು ಹೇಳುತ್ತೇನೆ. ಮಂಡ್ಯದ ಹಳ್ಳಿಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಹುಡುಗ ದಿನಾ ಮೊದಲ ಪೀರಿಯಡ್ಡಿನಲ್ಲೇ ತೂಕಡಿಸುತ್ತಿದ್ದ. ಒಂದು ದಿನ ಎಬ್ಬಿಸಿ ನಿಲ್ಲಿಸಿ, 'ನಿನಗ್ಯಾಕೋ ಓದು, ಎಮ್ಮೆ ಕಾಯೋಕೆ ಹೋಗು' ಅಂದುಬಿಟ್ಟೆ. ಕ್ಲಾಸೆಲ್ಲ ನಕ್ಕಿತು. ಆಮೇಲೆ ಗೊತ್ತಾಯಿತು, ಅವರ ಪಂಪ್‌ಸೆಟ್ಟಿಗೆ ಕರೆಂಟ್ ಬರುತ್ತಿದ್ದುದೇ ರಾತ್ರಿ. ಅಪ್ಪನಿಗೆ ಹುಷಾರಿರಲಿಲ್ಲ. ಹುಡುಗನೇ ಟಾರ್ಚ್ ಹಿಡಿದು ಕಬ್ಬಿಗೆ ನೀರು ಕಟ್ಟುತ್ತಿದ್ದ. ಮಾರನೇ ದಿನ ಅದೇ ಮಕ್ಕಳ ಎದುರು 'ತಪ್ಪಾಯಿತು ಕಣೋ' ಅಂದೆ. ಅವನು ತಲೆ ಎತ್ತಲಿಲ್ಲ. ಒಂದು ಲೆಕ್ಕ ಕೇಳೋಕೆ ಅವನು ನನ್ನ ಹತ್ತಿರ ಬಂದದ್ದು ಸಂಕ್ರಾಂತಿ ಕಳೆದ ಮೇಲೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾನೂನು ಬರೋ ಮೊದಲೇ ಆ ಹುಡುಗನ ಮುಖ ನನಗೆ ಅದನ್ನು ಕಲಿಸಿತ್ತು.

ಬಿಸಿಯೂಟದ ಹೊತ್ತಿನಲ್ಲಿ ಸ್ಟಾಫ್ ರೂಮಿಗೆ ಹೋಗಬೇಡ. ಮಕ್ಕಳ ಸಾಲಿನಲ್ಲೇ ತಟ್ಟೆ ಇಟ್ಟುಕೊಂಡು ಕೂತುಕೋ. ಯಾರ ಮನೆಯಲ್ಲಿ ಆಲೆಮನೆ ಶುರುವಾಗಿದೆ, ಯಾರ ತಮ್ಮನಿಗೆ ಜ್ವರ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಹಾಜರಿಯನ್ನು ನಂಬರಿನಲ್ಲಿ ಕೂಗಬೇಡ, ಹೆಸರು ಹಿಡಿದು ಕರೆ. ತಪ್ಪು ಉತ್ತರ ಬಂದರೆ 'ಹೇಗೆ ಮಾಡಿದೆ, ಬೋರ್ಡಿನ ಮೇಲೆ ತೋರಿಸು' ಅನ್ನು. ಸುಮ್ನೆ ಸಲಿಗೆ ಕೊಡು ಅಂತ ಹೇಳುತ್ತಿಲ್ಲ ಕಣಮ್ಮ. ಹೋಂವರ್ಕ್ ತರದಿದ್ದರೆ ಕೇಳು. ಆದರೆ ಡಾಕ್ಟರ ಮಗಳನ್ನೂ ಕೂಲಿಯವರ ಮಗನನ್ನೂ ಒಂದೇ ದನಿಯಲ್ಲಿ ಕೇಳು. ಅದನ್ನು ಮಕ್ಕಳು ನಮಗಿಂತ ಜಾಸ್ತಿ ಗಮನಿಸುತ್ತಾರೆ.

ಇಲ್ಲಿ ಮಹಾರಾಜ ಕಾಲೇಜಿನ ಮುಂದೆ ಹೋದಾಗೆಲ್ಲ, ಅಲ್ಲಿ ಮೇಷ್ಟ್ರಾಗಿದ್ದ ಸರ್ವಪಲ್ಲಿ ರಾಧಾಕೃಷ್ಣನ್ ನೆನಪಾಗುತ್ತಾರೆ. 1921ರಲ್ಲಿ ಅವರು ಕಲ್ಕತ್ತಾಗೆ ಹೊರಟಾಗ ಹುಡುಗರು ಹೂವಿನ ಸಾರೋಟನ್ನು ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದರು. ಜನ ಆ ಸಾರೋಟಿನ ಬಗ್ಗೆಯೇ ಹೇಳುತ್ತಾರೆ. ನಾನು ಯೋಚಿಸುವುದು ಅದಕ್ಕೂ ಮುಂಚಿನ ಮೂರು ವರ್ಷದ ಪಾಠಗಳನ್ನು.

ಕಿಟಕಿ ಪಕ್ಕ ಕೂರುತ್ತಾಳೆ ಅಂದೆಯಲ್ಲ, ಒಂದು ಮಾತೂ ಆಡದ ಆ ಹುಡುಗಿ. ಮುಂದಿನ ಸಲ ಫೋನ್ ಮಾಡಿದಾಗ ಅವಳ ಮನೆಯಲ್ಲಿ ಯಾರ್ಯಾರಿದ್ದಾರೆ ಹೇಳು.

ನಿನ್ನ
ದೊಡ್ಡಪ್ಪ