ಹಿಂದಕ್ಕೆ ಕಳುಹಿಸಿದವರು ಕಾರಣವನ್ನು ಬರೆದುಕೊಡಲಿ: ಜಿಲ್ಲಾ ಚುನಾವಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಚುನಾವಣಾಧಿಕಾರಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ತಮ್ಮ ಜಿಲ್ಲೆಯ ಮತದಾರಳಾದ ನಾನು ಈ ಪತ್ರವನ್ನು 2024ರ ಮೇ 7ರ ರಾತ್ರಿಯೇ ಬರೆಯಬೇಕಿತ್ತು. ಅಂದು ಬರೆಯದೆ, ಕ್ರಮದಂತೆ ಮೊದಲು ಕೆಳಗಿನ ಕಚೇರಿಗೆ ದೂರು ಕೊಟ್ಟೆ, ಕಾದೆ, ಮತ್ತೊಮ್ಮೆ ಕೊಟ್ಟೆ, ಮತ್ತೆ ಕಾದೆ. ಎರಡು ಅರ್ಜಿಗಳಿಗೆ ಸೇರಿ ಬಂದದ್ದು "ಪರಿಶೀಲಿಸಲಾಗುವುದು" ಎಂಬ ಒಂದು ಸಾಲು. ಕಳೆದ ವಾರ ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ, ಇನ್ನು ಮುಂದೆ ಜನನ ಪ್ರಮಾಣಪತ್ರ ಇಲ್ಲದವರನ್ನು ಮತಗಟ್ಟೆಯ ಒಳಗೆ ಬಿಡುವುದಿಲ್ಲ ಎಂಬ ಸಂದೇಶ ಹರಿದಾಡಿತು. ಅದನ್ನು ಯಾರೋ ಓದಿ ಹೇಳಿದ ಮೇಲೆ ನನ್ನ ತಾಯಿ ಫೋನ್ ಮಾಡಿ, "ನಾ ಹುಟ್ಟಿದ ದಿನ ನನಗ ಗೊತ್ತಿಲ್ಲ, ಕಾಗದ ಎಲ್ಲಿಂದ ತರ್ಲಿ?" ಎಂದು ಕೇಳಿದರು. ಇದಕ್ಕೆ ನಾನು ಕೊಡುವ ಉತ್ತರವನ್ನು ಮತಗಟ್ಟೆಯ ಬಾಗಿಲಲ್ಲಿ ಯಾರೂ ಒಪ್ಪುವುದಿಲ್ಲವೆಂಬುದು ಅನುಭವದಿಂದ ಗೊತ್ತಿರುವ ಕಾರಣ, ಉತ್ತರವನ್ನು ತಮ್ಮಿಂದಲೇ ಕೇಳುತ್ತಿದ್ದೇನೆ.

ನನ್ನ ಬೇಡಿಕೆ ಒಂದೇ. ಗುರುತಿನ ದಾಖಲೆ ಸರಿಯಿಲ್ಲವೆಂದು ಮತಗಟ್ಟೆಯಿಂದ ಯಾರನ್ನಾದರೂ ಹಿಂದಕ್ಕೆ ಕಳುಹಿಸುವುದಾದರೆ, ಕಳುಹಿಸುವವರು ಆ ಮತದಾರರ ಕ್ರಮಸಂಖ್ಯೆಯನ್ನೂ, ಅವರು ತೋರಿಸಿದ ದಾಖಲೆ ಯಾವುದೆಂಬುದನ್ನೂ, ಅದನ್ನು ಒಪ್ಪದಿರಲು ಕಾರಣವೇನೆಂಬುದನ್ನೂ ಒಂದು ಚೀಟಿಯಲ್ಲಿ ಬರೆದು, ಸಹಿ ಹಾಕಿ ಕೊಡಬೇಕು.

ಮೇ 7ರಂದು ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನನ್ನ ತಾಯಿಗೆ ಎಪ್ಪತ್ತು ದಾಟಿದೆ. ಮತದಾನದ ವಯಸ್ಸು ಇಪ್ಪತ್ತೊಂದಾಗಿದ್ದ ಕಾಲದಲ್ಲಿ, 1971ರ ಲೋಕಸಭಾ ಚುನಾವಣೆಯಲ್ಲಿ ಅವರು ಮೊದಲ ಸಲ ಮತ ಹಾಕಿದರು. ಅಲ್ಲಿಂದ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಅವರ ಮತದಾರರ ಗುರುತಿನ ಚೀಟಿ 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಟ್ರಂಕಿನ ಸಮೇತ ಹೋಯಿತು. ಬದಲಿ ಚೀಟಿಗಾಗಿ ನಮೂನೆ 8ರಲ್ಲಿ ಅರ್ಜಿ ಹಾಕಿದ್ದೇವೆ, ಇನ್ನೂ ಕೈಸೇರಿಲ್ಲ. ಆಧಾರ್ ಕಾರ್ಡ್ ಆ ದಿನ ನನ್ನ ಬಳಿ, ನಾನು ಕೆಲಸ ಮಾಡುವ ಪಟ್ಟಣದಲ್ಲಿತ್ತು. ಅವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕಾಗದಪತ್ರ ಹೊಂದಿಸಲು ನಾನೇ ತಂದಿದ್ದೆ. ಅದು ನನ್ನ ತಪ್ಪೆಂದು ಒಪ್ಪುತ್ತೇನೆ. ಆದರೆ ಒಪ್ಪಬಹುದಾದ ಗುರುತಿನ ದಾಖಲೆಗಳ ಬಗ್ಗೆ ಚುನಾವಣಾ ಆಯೋಗ ಕೊಟ್ಟ ಪಟ್ಟಿಯನ್ನು ಎರಡು ಸಲ ಓದಿ ಖಚಿತಪಡಿಸಿಕೊಂಡ ಮೇಲೆಯೇ, "ಅಂಚೆ ಕಚೇರಿಯ ಪಾಸ್‌ಬುಕ್ ತಗೊಂಡು ಹೋಗವ್ವ, ಅದರಾಗ ನಿನ್ನ ಫೋಟೊ ಐತಿ, ನಡೀತದ" ಎಂದು ಹಿಂದಿನ ರಾತ್ರಿ ಹೇಳಿದ್ದೆ.

ಅವರು ಬೆಳಿಗ್ಗೆ ಎಂಟಕ್ಕೆ ಹೊರಟು, ಎರಡು ಕಿಲೋಮೀಟರ್ ನಡೆದು, ಶಾಲೆಯ ಅಂಗಳದಲ್ಲಿ ಒಂದು ಗಂಟೆಗೂ ಹೆಚ್ಚು ಸರದಿಯಲ್ಲಿ ನಿಂತರು. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರೆಂದು ಜೊತೆಗೆ ಹೋಗಿದ್ದ ನೆರೆಮನೆಯವರು ಹೇಳಿದರು. ಬಾಗಿಲಲ್ಲಿದ್ದ ಯುವಕ ಅದನ್ನು ತೆರೆದೂ ನೋಡಲಿಲ್ಲ. "ಇದು ನಡಿಯಂಗಿಲ್ಲ ಬೇ ಯವ್ವಾ, ಆಧಾರ ಇಲ್ಲಾ ವೋಟರ್ ಕಾರ್ಡ್ ತಗೊಂಡ ಬಾ" ಎಂದ. ಒಳಗೆ ಮೇಜಿನ ಹಿಂದೆ ಕುಳಿತಿದ್ದ ಮತಗಟ್ಟೆ ಅಧಿಕಾರಿಯೊಬ್ಬರನ್ನು ಇವರು ಅಲ್ಲಿಂದಲೇ ಕೇಳಿದಾಗ, ಅವರೂ ತಲೆ ಎತ್ತದೆ ಕೈಯಾಡಿಸಿದರು. ಹಿಂದೆ ನಿಂತಿದ್ದವರೊಬ್ಬರು, ಮತದಾರರ ಪಟ್ಟಿಗೆ ಲಿಂಕ್ ಆಗದ ಆಧಾರ್ ತಂದರೂ ಉಪಯೋಗವಿಲ್ಲ ಎಂದು ತಮ್ಮ ಜ್ಞಾನವನ್ನೂ ಸೇರಿಸಿದರು. ನನ್ನ ತಾಯಿ ವಾದ ಮಾಡುವವರಲ್ಲ. ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅದೇ ಎರಡು ಕಿಲೋಮೀಟರ್ ನಡೆದು ಮನೆಗೆ ಬಂದರು. ನನಗೆ ಫೋನ್ ಮಾಡಲಿಲ್ಲ, ಕೆಲಸದಲ್ಲಿದ್ದೇನೆಂದು. ಸಂಜೆ ಏಳಕ್ಕೆ ನಾನೇ ಮಾಡಿದಾಗ ವಿಷಯ ತಿಳಿಯಿತು. ಕೂಡಲೇ 1950ಕ್ಕೆ ಕರೆ ಮಾಡಿದೆ. ಭಾವಚಿತ್ರವಿರುವ ಪಾಸ್‌ಬುಕ್ ನಡೆಯುತ್ತದೆ ಎಂದು ಅಲ್ಲಿಯವರು ಸರಿಯಾಗಿಯೇ ಹೇಳಿದರು. ಮತದಾನ ಆರು ಗಂಟೆಗೇ ಮುಗಿದಿತ್ತು.

ಮರುದಿನ ನಾನು ಊರಿಗೆ ಹೋಗಿ ಆ ಶಾಲೆಗೆ ಹೋದೆ. ಒಪ್ಪಬಹುದಾದ ಗುರುತಿನ ದಾಖಲೆಗಳ ಭಿತ್ತಿಪತ್ರವನ್ನು ಪ್ರತಿ ಮತಗಟ್ಟೆಯಲ್ಲಿ ಹಚ್ಚಬೇಕೆಂಬ ಸೂಚನೆ ಇದೆಯಲ್ಲ, ಅದನ್ನು ಅಲ್ಲಿಯೂ ಹಚ್ಚಿದ್ದರು. ಹಚ್ಚಿದ್ದು ಕೋಣೆಯ ಬಾಗಿಲಿನ ಮೇಲೆ. ಬಾಗಿಲು ತೆರೆದಾಗ ಆ ರೆಕ್ಕೆ ಗೋಡೆಗೆ ಅಂಟಿ ನಿಲ್ಲುತ್ತದೆ. ಅಂದರೆ ಮತದಾನ ನಡೆದ ಹನ್ನೊಂದು ತಾಸೂ ಆ ಭಿತ್ತಿಪತ್ರ ಬಾಗಿಲಿಗೂ ಗೋಡೆಗೂ ನಡುವೆ ಇತ್ತು. ನಾನು ಬಾಗಿಲನ್ನು ಎಳೆದು ಓದಿದೆ. ಅಂಚೆ ಕಚೇರಿಯ ಪಾಸ್‌ಬುಕ್ ಅದರಲ್ಲಿತ್ತು. ನನ್ನ ತಾಯಿ ನಿಂತಿದ್ದ ಜಾಗದಿಂದ ಅದು ಒಂದು ಮೊಳದಷ್ಟೂ ದೂರವಿರಲಿಲ್ಲ.

ತಮಗೆ ನಿಯಮ ಗೊತ್ತಿಲ್ಲವೆಂದು ನಾನು ಖಂಡಿತ ಭಾವಿಸಿಲ್ಲ. ಮತದಾರರ ಗುರುತಿನ ಚೀಟಿ ಇಲ್ಲದವರು ಆಧಾರ್, ನರೇಗಾ ಉದ್ಯೋಗ ಚೀಟಿ, ಬ್ಯಾಂಕ್ ಅಥವಾ ಅಂಚೆ ಕಚೇರಿಯ ಭಾವಚಿತ್ರವಿರುವ ಪಾಸ್‌ಬುಕ್, ಚಾಲನಾ ಪರವಾನಗಿ, ಪ್ಯಾನ್ ಕಾರ್ಡ್, ಪಾಸ್‌ಪೋರ್ಟ್, ಭಾವಚಿತ್ರವಿರುವ ಪಿಂಚಣಿ ದಾಖಲೆ, ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ಮೊದಲಾದ 12 ದಾಖಲೆಗಳಲ್ಲಿ ಯಾವುದಾದರೂ ಒಂದನ್ನು ತೋರಿಸಿದರೆ ಸಾಕೆಂದು ಆ ಚುನಾವಣೆಗೆ ಆಯೋಗ ಹೇಳಿತ್ತು. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾಗಿದ್ದರೆ, ವ್ಯಕ್ತಿ ಅವರೇ ಎಂದು ಮನವರಿಕೆಯಾದ ಮೇಲೆ ಆ ಬರವಣಿಗೆಯ ದೋಷವನ್ನು ಲೆಕ್ಕಿಸಬಾರದೆಂದು 1961ರ ಚುನಾವಣೆ ನಡೆಸುವ ನಿಯಮಗಳೇ ಹೇಳುತ್ತವೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ನಾಗರಿಕರನ್ನು ಸಾಧ್ಯವಾದಷ್ಟು ಒಳಗೆ ಬಿಡಬೇಕೆಂಬುದೇ ಈ ನಿಯಮಗಳ ಉದ್ದೇಶ. ಬಾಗಿಲಲ್ಲಿ ನಿಂತವರು ಮಾತ್ರ ಇದನ್ನು ತಲೆಕೆಳಗು ಮಾಡಿಕೊಂಡು, ಹೊರಗಿಡಲು ಕಾರಣ ಹುಡುಕುತ್ತಾರೆ.

ಇದು ಒಂದು ದಿನದ ಕಥೆಯೂ ಅಲ್ಲ. 2019ರಲ್ಲಿ ಆಯೋಗ, ಚುನಾವಣೆಗೆ ಮುಂಚೆ ಮನೆಮನೆಗೆ ಹಂಚುತ್ತಿದ್ದ ಭಾವಚಿತ್ರವಿರುವ ಮತದಾರರ ಚೀಟಿಯೊಂದನ್ನೇ ಗುರುತಿನ ದಾಖಲೆಯಾಗಿ ಒಪ್ಪುವುದನ್ನು ನಿಲ್ಲಿಸಿತು. ಆ ನಿರ್ಧಾರಕ್ಕೆ ಕಾರಣವಿತ್ತು, ಚೀಟಿಯ ಮೇಲೆ ಎಚ್ಚರಿಕೆಯನ್ನು ಮುದ್ರಿಸಿಯೂ ಇದ್ದರು. ಆದರೆ ಅಕ್ಷರ ಬಾರದವರಿಗೆ ಅದನ್ನು ಬಾಯಿಬಿಟ್ಟು ಹೇಳುವವರು ಇರಲಿಲ್ಲ. ಮನೆಗೆ ಬಂದು ಚೀಟಿ ಕೊಟ್ಟವರೇ "ಇದನ್ನ ಹಿಡಕೊಂಡ ಬರ್ರಿ" ಎಂದು ಹೇಳಿ ಹೋಗಿದ್ದರು. ಆ ವರ್ಷ ನನ್ನ ತಾಯಿ ಒಮ್ಮೆ ಹಿಂದಿರುಗಿ, ಟ್ರಂಕಿನಿಂದ ಗುರುತಿನ ಚೀಟಿ ತೆಗೆದುಕೊಂಡು ಮತ್ತೆ ನಡೆದು ಹೋಗಿ ಮತ ಹಾಕಿದರು. ಆಗ ಕಾಲಿನಲ್ಲಿ ಶಕ್ತಿ ಇತ್ತು.

2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಹರಡಿದ್ದು ಇನ್ನೊಂದು ಬಗೆಯ ಸುಳ್ಳು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ, 49ಎ ಅಡಿಯಲ್ಲಿ "ಚಾಲೆಂಜ್ ವೋಟ್" ಕೇಳಿ ಮತ ಹಾಕಬಹುದು, ಒಂದು ಮತಗಟ್ಟೆಯಲ್ಲಿ ಶೇ. 14ಕ್ಕಿಂತ ಹೆಚ್ಚು "ಟೆಂಡರ್ ವೋಟ್" (ತಮ್ಮ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿದ್ದಾರೆಂದು ಹೇಳಿ ಬಂದವರು ಹಾಕುವ ಮತ) ಬಿದ್ದರೆ ಮರುಮತದಾನ ನಡೆಯುತ್ತದೆ ಎಂಬುದು ಆ ಸಂದೇಶ. ಕಾನೂನಿನ ಸಂಖ್ಯೆ ಹಾಕಿದ್ದರಿಂದ ಓದುಬರಹ ಬಲ್ಲವರೂ ನಂಬಿದರು. ಅದೇ 1961ರ ನಿಯಮಗಳಲ್ಲಿ 49ಎ ಮತಯಂತ್ರದ ವಿನ್ಯಾಸಕ್ಕೆ ಸಂಬಂಧಿಸಿದ್ದು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಯಾವ ಚೀಟಿ ಹಿಡಿದು ಬಂದರೂ ಮತವಿಲ್ಲ, ಶೇ. 14ರ ಲೆಕ್ಕ ಯಾವ ಕಾನೂನಿನಲ್ಲೂ ಇಲ್ಲ. ನಮ್ಮ ಓಣಿಯ ಒಬ್ಬ ಹುಡುಗ ಆ ಸಂದೇಶವನ್ನು ಮುದ್ರಿಸಿಕೊಂಡು ಹೋಗಿ ಅರ್ಧ ತಾಸು ವಾದ ಮಾಡಿದ. ಸರದಿ ನಿಂತಿತು, ಮಗು ಎತ್ತಿಕೊಂಡು ಬಂದಿದ್ದ ಇಬ್ಬರು ಹೆಣ್ಣುಮಕ್ಕಳು ಬೇಸತ್ತು ಮನೆಗೆ ಹೋದರು. ಪಟ್ಟಿಯಲ್ಲಿ ಹೆಸರಿದೆಯೇ ಎಂದು ಒಂದು ತಿಂಗಳು ಮುಂಚೆ ನೋಡಿಕೊಳ್ಳಲು ಅವನಿಗೆ ಯಾರಾದರೂ ಹೇಳಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ.

ಆಧಾರ್ ಜೋಡಣೆಯ ಭಯವೂ ಇದೇ ಜಾತಿಯದು. 2021ರ ಚುನಾವಣಾ ಕಾನೂನುಗಳ ತಿದ್ದುಪಡಿ ಕಾಯ್ದೆಯು ಸಕಾರಣವಿದ್ದು ಆಧಾರ್ ಕೊಡಲಾಗದವರ ಹೆಸರನ್ನು ಪಟ್ಟಿಯಿಂದ ತೆಗೆಯಬಾರದೆಂದು ಹೇಳಿದೆ. ಆಧಾರ್ ಸಂಖ್ಯೆ ಕೊಡುವುದು ಕಡ್ಡಾಯವಲ್ಲವೆಂದು ಆಯೋಗವೇ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಈಗಿನ ಜನನ ಪ್ರಮಾಣಪತ್ರದ ಗುಲ್ಲಿಗೆ ಮೂಲ ಯಾವುದೆಂದು ನಾನು ಊಹಿಸಬಲ್ಲೆ. 2025ರಲ್ಲಿ ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ 11 ದಾಖಲೆಗಳ ಪಟ್ಟಿಯೊಂದನ್ನು ಕೊಟ್ಟರು, ಆಮೇಲೆ ಸುಪ್ರೀಂ ಕೋರ್ಟಿನ ಆದೇಶದಂತೆ ಆಧಾರ್ ಸೇರಿ ಅದು 12 ಆಯಿತು. ಅದು ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಲು ಬೇಕಾದ ದಾಖಲೆಗಳ ವಿಷಯ. ಮತಗಟ್ಟೆಯಲ್ಲಿ ಮುಖ ಗುರುತಿಸಲು ಬೇಕಾದ 12 ದಾಖಲೆಗಳ ಪಟ್ಟಿಯೇ ಬೇರೆ. ಎರಡೂ ಹನ್ನೆರಡಾದ್ದರಿಂದ ಜನ ಒಂದನ್ನು ಇನ್ನೊಂದೆಂದು ತಿಳಿದಿದ್ದಾರೆ, ಒಂದನ್ನು ತೋರಿಸಿ ಇನ್ನೊಂದರ ಭಯ ಹುಟ್ಟಿಸುತ್ತಿದ್ದಾರೆ. ಇದನ್ನು ತಮ್ಮ ಕಚೇರಿ ನಾಲ್ಕು ಸಾಲಿನಲ್ಲಿ ಸ್ಪಷ್ಟಪಡಿಸಬಹುದು. ಇಷ್ಟು ದಿನ ಏಕೆ ಸ್ಪಷ್ಟಪಡಿಸಿಲ್ಲ?

ಬರೆದುಕೊಡಬೇಕೆಂದು ನಾನು ಒತ್ತಿ ಕೇಳುವುದಕ್ಕೆ ಕಾರಣವಿದೆ. ಮತಗಟ್ಟೆಯಲ್ಲಿ ಪ್ರತಿಯೊಂದಕ್ಕೂ ಲೆಕ್ಕವಿದೆ. ಮತ ಹಾಕಿದವರ ಸಹಿ ಅಥವಾ ಹೆಬ್ಬೆಟ್ಟು ನಮೂನೆ 17ಎಯಲ್ಲಿ ಇರುತ್ತದೆ, ತಮ್ಮ ಹೆಸರಿನಲ್ಲಿ ಬೇರೆಯವರು ಮತ ಹಾಕಿ ಹೋಗಿದ್ದಾರೆಂದು ಬಂದವರ ಲೆಕ್ಕ 17ಬಿಯಲ್ಲಿ ಇರುತ್ತದೆ, ಬಿದ್ದ ಒಟ್ಟು ಮತಗಳ ಲೆಕ್ಕ 17ಸಿಯಲ್ಲಿ ಇರುತ್ತದೆ. ಪಕ್ಷದ ಏಜೆಂಟನೊಬ್ಬ ಮತದಾರರ ಗುರುತನ್ನು ಪ್ರಶ್ನಿಸಬೇಕಾದರೂ 2 ರೂಪಾಯಿ ಠೇವಣಿ ಇಡಬೇಕು, ಮತಗಟ್ಟೆಯ ಅಧ್ಯಕ್ಷಾಧಿಕಾರಿ ಅಲ್ಲಿಯೇ ವಿಚಾರಣೆ ಮಾಡಿ ತೀರ್ಮಾನಿಸಬೇಕು. ಸುಳ್ಳು ಸುಳ್ಳಾಗಿ ಯಾರನ್ನೂ ತಡೆಯಬಾರದೆಂದು ಕಾನೂನು ಅಷ್ಟು ಸಣ್ಣ ವಿಷಯದಲ್ಲಿಯೂ ಎಚ್ಚರ ವಹಿಸಿದೆ. ನನ್ನ ತಾಯಿಯನ್ನು ತಡೆದವರು ಎರಡು ರೂಪಾಯಿಯನ್ನೂ ಇಡಲಿಲ್ಲ, ಒಂದು ಸಾಲನ್ನೂ ಬರೆಯಲಿಲ್ಲ. ಬಾಗಿಲಿನಿಂದಲೇ ಹಿಂದಿರುಗಿದವರಿಗೆ ಯಾವ ನಮೂನೆಯಲ್ಲಿಯೂ ಜಾಗವಿಲ್ಲ. ಅವರು ಮತದಾನಕ್ಕೆ ಬರದವರ ಲೆಕ್ಕಕ್ಕೆ ಸೇರುತ್ತಾರೆ. ಆಮೇಲೆ, ಮತದಾನದ ಪ್ರಮಾಣ ಕಡಿಮೆಯಾಯಿತು, ಜನರಲ್ಲಿ ಜಾಗೃತಿ ಇಲ್ಲ ಎಂದು ಭಾಷಣ ಮಾಡುತ್ತಾರೆ. ಬಿಸಿಲಿನಲ್ಲಿ ನಾಲ್ಕು ಕಿಲೋಮೀಟರ್ ನಡೆದ ಮುದುಕಿಗೆ ಜಾಗೃತಿಯ ಪಾಠ ಹೇಳುವುದನ್ನು ದಯವಿಟ್ಟು ನಿಲ್ಲಿಸಿ. ನಿಮ್ಮ ಬಾಗಿಲಲ್ಲಿ ನಿಂತವರಿಗೆ ಹೇಳಿ.

ಚುನಾವಣಾ ಕೆಲಸಕ್ಕೆ ಬರುವವರು ಹೆಚ್ಚಾಗಿ ಶಿಕ್ಷಕರು, ಹಿಂದಿನ ದಿನವೇ ಬಂದು ಆ ಶಾಲೆಯ ನೆಲದಲ್ಲಿಯೇ ಮಲಗಿ ಏಳುವವರು ಎಂಬುದು ನನಗೆ ತಿಳಿದಿದೆ. ಅವರ ಮೇಲೆ ನನಗೆ ದ್ವೇಷವಿಲ್ಲ, ಯಾರಿಗೂ ಶಿಕ್ಷೆಯಾಗಲೆಂದು ನಾನು ಕೇಳುತ್ತಿಲ್ಲ. ಸಹಿ ಹಾಕಿ ಕೊಡಬೇಕೆಂದಾದರೆ, ಅವರೇ ಒಮ್ಮೆ ಬಾಗಿಲ ಹಿಂದಿನ ಭಿತ್ತಿಪತ್ರವನ್ನು ತಿರುಗಿಸಿ ನೋಡುತ್ತಾರೆ. ನೋಡಿದರೆ ನನ್ನ ತಾಯಿ ಒಳಗೆ ಹೋಗುತ್ತಾರೆ. ಬಾಯಿಮಾತಿನಲ್ಲಿ "ನಡಿಯಂಗಿಲ್ಲ" ಎನ್ನಲು ಏನೂ ತಿಳಿದಿರಬೇಕಿಲ್ಲ. ಬರೆಯಲು ಕುಳಿತಾಗ ತಿಳಿದುಕೊಳ್ಳಲೇಬೇಕಾಗುತ್ತದೆ.

ಒಂದು ಮತದಿಂದ ಏನಾಗುತ್ತದೆ ಎಂದು ಕೆಳಗಿನ ಕಚೇರಿಯಲ್ಲಿ ಒಬ್ಬರು ನನ್ನನ್ನು ಕೇಳಿದರು. ಚುನಾವಣಾ ಕಚೇರಿಯಲ್ಲಿ ಕುಳಿತು ಆ ಪ್ರಶ್ನೆ ಕೇಳಿದರು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು 40,752 ಮತ ಪಡೆದು ಗೆದ್ದರು, ಎ.ಆರ್. ಕೃಷ್ಣಮೂರ್ತಿ ಅವರು 40,751 ಮತ ಪಡೆದು ಸೋತರು. 2023ರಲ್ಲಿ ಜಯನಗರದ ಫಲಿತಾಂಶ 16 ಮತಗಳಲ್ಲಿ ತೀರ್ಮಾನವಾಯಿತು. ನಮ್ಮ ರಾಜ್ಯದ ಈ ಲೆಕ್ಕ ಅವರಿಗೆ ತಿಳಿದಿರಬೇಕಿತ್ತು. ಹಾಗೆ ನೋಡಿದರೆ, ಗೆಲುವು ಲಕ್ಷ ಮತಗಳ ಅಂತರದಲ್ಲಿ ಆದರೂ ನನ್ನ ತಾಯಿಯ ಮತ ನನ್ನ ತಾಯಿಯದೇ.

ಆ ರಾತ್ರಿ ಅವರು ಫೋನಿನಲ್ಲಿ ಹೆಚ್ಚು ಮಾತನಾಡಲಿಲ್ಲ. ಮರುದಿನ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕುಳಿತು ಶಾಯಿ ಹಚ್ಚಿದ ಬೆರಳು ನೋಡಿಕೊಳ್ಳುತ್ತಿದ್ದಾಗ, ಇವರು ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದನ್ನು ನಾನು ಕಣ್ಣಾರೆ ಕಂಡೆ. ಯಾರೂ ಏನೂ ಕೇಳಲಿಲ್ಲ.

ಆದ್ದರಿಂದ ಮತ್ತೊಮ್ಮೆ ವಿನಂತಿಸುತ್ತೇನೆ. ಗುರುತಿನ ದಾಖಲೆಯ ಕಾರಣ ಹೇಳಿ ಹಿಂದಕ್ಕೆ ಕಳುಹಿಸುವವರು ಅದನ್ನು ಬರೆದು, ಸಹಿ ಹಾಕಿ ಕೊಡಲಿ. ಇದಕ್ಕೆ ತಮಗೆ ಮೇಲಿನವರ ಅನುಮತಿ ಬೇಕಿದ್ದರೆ ಕೇಳಿ, ಕೇಳಿದ್ದೀರೆಂದು ನಮಗೆ ತಿಳಿಸಿ. ಅಲ್ಲಿಯವರೆಗೆ, ಯಾವ ದಾಖಲೆಗಳು ನಡೆಯುತ್ತವೆ ಎಂಬುದನ್ನು ಮತದಾನದ ಹಿಂದಿನ ದಿನ ಪ್ರತಿ ಊರಿನಲ್ಲಿ ಧ್ವನಿವರ್ಧಕದಲ್ಲಿ ಓದಿಸಿ. ಭಿತ್ತಿಪತ್ರವನ್ನು ಬಾಗಿಲಿನ ಮೇಲೆ ಬೇಡ, ಸರದಿ ನಿಲ್ಲುವ ಗೋಡೆಯ ಮೇಲೆ ಹಚ್ಚಿಸಿ. ಜನನ ಪ್ರಮಾಣಪತ್ರದ ಸಂದೇಶ ಸುಳ್ಳೆಂದು ತಮ್ಮ ಸಹಿಯೊಂದಿಗೆ ಈ ವಾರವೇ ಪ್ರಕಟಿಸಿ. ಆ ಪ್ರಕಟಣೆಯನ್ನು ನಮ್ಮೂರಿನ ಗುಂಪಿಗೆ ನಾನೇ ಹಾಕುತ್ತೇನೆ, ತಾಯಿಗೆ ನಾನೇ ಓದಿ ಹೇಳುತ್ತೇನೆ.

ಮುಂದಿನ ಚುನಾವಣೆಯ ಹೊತ್ತಿಗೆ ಬದಲಿ ಗುರುತಿನ ಚೀಟಿ ಬಾರದಿದ್ದರೆ ನನ್ನ ತಾಯಿ ಅದೇ ಪಾಸ್‌ಬುಕ್ ಹಿಡಿದು ಅದೇ ಶಾಲೆಗೆ ಬರುತ್ತಾರೆ. ಆ ದಿನ ನಾನು ರಜೆ ಹಾಕಿ ಜೊತೆಗಿರುತ್ತೇನೆ. ಚೀಟಿ ಬರೆದುಕೊಡಲು ಬೇಕಾದ ಹಾಳೆ ಮತ್ತು ಪೆನ್ನನ್ನು ನಾನೇ ತಂದಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪಾಸ್‌ಬುಕ್ ನಡೆಯುತ್ತದೆ ಎಂದು ತಾಯಿಗೆ ಮಾತು ಕೊಟ್ಟಿದ್ದ ಮಗಳು