ಡಿಸ್ನಿ ಪ್ಯಾಕೇಜ್ ಕೊಳ್ಳುವ ಮುಂಚೆ ‘ಯಾವ ಪಾಸ್?’ ಅಂತ ಕೇಳಿ

ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬರುತ್ತಿದ್ದ ಹಾಗೆ ನಿಮ್ಮ ಪತ್ರಿಕೆಯಲ್ಲಿ ಅಮೆರಿಕ ಪ್ರವಾಸದ ಜಾಹೀರಾತುಗಳು ಶುರುವಾಗುತ್ತವೆ. ನ್ಯೂಯಾರ್ಕ್, ನಯಾಗರಾ, ಕೊನೆಗೆ ಒರ್ಲ್ಯಾಂಡೊದ ಡಿಸ್ನಿ ವರ್ಲ್ಡ್. ಕೆಲವು ಜಾಹೀರಾತುಗಳಲ್ಲಿ ‘ಕ್ಯೂ ಇಲ್ಲದೆ ಪ್ರವೇಶ’ ಅಂತ ಒಂದು ಸಾಲು ಸೇರಿಸಿರುತ್ತಾರೆ. ಅದನ್ನು ನಂಬಿ ನಮ್ಮ ಅಕ್ಕ, ಭಾವ, ಅವರ ಮಗನ ಸಂಸಾರ ಎಲ್ಲರೂ ಹೋಗಿ ಬಂದರು. ಅಲ್ಲಿ ಹೋದ ಮೇಲೆ ಗೊತ್ತಾಗಿದ್ದು, ಕ್ಯೂ ತಪ್ಪಿದ್ದು ಟಿಕೆಟ್ ಕೌಂಟರಿನಲ್ಲಿ ಮಾತ್ರ. ಟಿಕೆಟ್ ಮೊದಲೇ ಕೊಂಡಿದ್ದರಲ್ಲ, ಅದಕ್ಕೆ. ಒಳಗೆ ಹೋದ ಮೇಲೆ ಒಂದೊಂದು ರೈಡಿಗೂ ಬಿಸಿಲಲ್ಲಿ, ಸೆಕೆಯಲ್ಲಿ ನಿಂತಿದ್ದೇ ನಿಂತಿದ್ದು. ಕಂಪನಿಯವರನ್ನು ಕೇಳಿದರೆ ‘ಪ್ರವೇಶ ಅಂತ ತಾನೇ ಬರೆದಿದ್ದೇವೆ’ ಅಂದರಂತೆ. ಆ ಕಂಪನಿಯ ಹೆಸರು ಇಲ್ಲಿ ಬೇಡ. ಈ ಥರ ಬರೆಯುವವರು ಅವರೊಬ್ಬರೇ ಅಲ್ಲ.

ನಮ್ಮ ಜನ ಮೋಸ ಹೋಗುವುದಕ್ಕೆ ಒಂದು ಕಾರಣ ಇದೆ. ಬಿಡದಿಯ ವಂಡರ್‌ಲಾದಲ್ಲಿ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಅಂತ ಇದೆ, ಗೊತ್ತಲ್ವಾ? ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು ಆ ಟಿಕೆಟ್ ತಗೊಂಡರೆ ಆಯಿತು. ಡಿಸ್ನಿಯಲ್ಲೂ ಹೀಗೇ ಇರಬೇಕು, ದುಡ್ಡು ಕೊಟ್ಟರೆ ಮುಂದೆ ಬಿಡುತ್ತಾರೆ ಅಂದುಕೊಂಡು ಹೋಗುತ್ತಾರೆ. ಅಲ್ಲಿ ರೈಡಿನ ಉದ್ದದ ಕ್ಯೂ ತಪ್ಪಿಸಿಕೊಳ್ಳಲು ಜಾಸ್ತಿ ಜನ ಕೊಳ್ಳುವ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಹಾಗಲ್ಲ. ಅದು ತಿರುಮಲದ 300 ರೂಪಾಯಿ ದರ್ಶನದ ಟಿಕೆಟ್ ಇದ್ದ ಹಾಗೆ. ಮೊದಲೇ ಆನ್‌ಲೈನಿನಲ್ಲಿ ಹೊತ್ತು ಗೊತ್ತು ಮಾಡಿಕೊಳ್ಳಬೇಕು, ಆ ಹೊತ್ತಿಗೆ ಅಲ್ಲಿರಬೇಕು, ಅಷ್ಟಾದರೂ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಹೇಗೆ ನಡೆಯುತ್ತದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಡಿಸ್ನಿ ವರ್ಲ್ಡಿನೊಳಗೆ ಬೇರೆ ಬೇರೆ ಪಾರ್ಕುಗಳಿವೆ. ಡಿಸ್ನಿಯ ಆ್ಯಪಿನಲ್ಲಿ ಮೊದಲಿಗೆ ಒಂದು ಪಾರ್ಕಿನ ಮೂರು ರೈಡ್ ಆರಿಸಿಕೊಳ್ಳಬಹುದು. ಒಂದೊಂದಕ್ಕೂ ಒಂದು ಗಂಟೆಯ ಅವಧಿ ಸಿಗುತ್ತದೆ. ಮೊದಲನೆಯದನ್ನು ಬಳಸಿದ ಮೇಲೆ ನಾಲ್ಕನೆಯದನ್ನು ಹುಡುಕಬಹುದು, ಉಳಿದಿದ್ದರೆ ಉಂಟು. ಒಂದೇ ರೈಡಿಗೆ ಇದರಲ್ಲಿ ಎರಡು ಸಲ ಹೋಗುವ ಹಾಗಿಲ್ಲ. ತುಂಬಾ ಬೇಡಿಕೆ ಇರುವ ಒಂದೆರಡು ರೈಡುಗಳು ಇದರಲ್ಲಿ ಸೇರಿಯೇ ಇಲ್ಲ, ಅವಕ್ಕೆ ಸಿಂಗಲ್ ಪಾಸ್ ಅಂತ ಬೇರೆ ದುಡ್ಡು. ಇದೆಲ್ಲ ಬೇಡ, ಹೊತ್ತಿನ ಗೊಡವೆಯೇ ಬೇಡ ಅನ್ನುವವರಿಗೆ ಪ್ರೀಮಿಯರ್ ಪಾಸ್ ಇದೆ. 2024ರಲ್ಲಿ ಅದು ಶುರುವಾದಾಗಲೇ ಪಾರ್ಕು, ದಿನ ನೋಡಿಕೊಂಡು ತಲೆಗೆ 129ರಿಂದ 449 ಡಾಲರ್ ಇಟ್ಟಿದ್ದರು. ಪ್ರವೇಶದ ಟಿಕೆಟ್ ಬಿಟ್ಟು, ಒಂದು ದಿನಕ್ಕೆ!

ಇನ್ನು ಬುಕಿಂಗ್. ಡಿಸ್ನಿಯ ಸ್ವಂತ ಹೋಟೆಲುಗಳಲ್ಲಿ ಇಳಿದುಕೊಳ್ಳುವವರಿಗೆ ಏಳು ದಿನ ಮುಂಚೆ ತೆರೆಯುತ್ತದೆ. ಹೊರಗಿನ ಹೋಟೆಲಿನವರಿಗೆ ಮೂರೇ ದಿನ. ತೆರೆಯುವುದು ಅಲ್ಲಿನ ಬೆಳಿಗ್ಗೆ ಏಳಕ್ಕೆ, ಅಂದರೆ ಬೇಸಿಗೆಯಲ್ಲಿ ನಮ್ಮ ಸಂಜೆ ನಾಲ್ಕೂವರೆಗೆ, ಚಳಿಗಾಲದಲ್ಲಿ ಐದೂವರೆಗೆ. ಬೆಂಗಳೂರಿನ ಮನೆಯಲ್ಲೇ ಕೂತು ಬುಕ್ ಮಾಡಬಹುದು, ಅದೇನೂ ಕಷ್ಟವಲ್ಲ. ಆದರೆ ಮನೆಮಂದಿಯ ಟಿಕೆಟ್ ನಂಬರುಗಳೆಲ್ಲ ಅಷ್ಟರೊಳಗೆ ಆ್ಯಪಿಗೆ ಸೇರಿರಬೇಕು. ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಆಗಿರಬೇಕು, ಇಲ್ಲದಿದ್ದರೆ ಕೊನೆ ಗಳಿಗೆಯಲ್ಲಿ ಪೇಮೆಂಟ್ ಹೋಗುವುದಿಲ್ಲ.

ಎಡವಟ್ಟಾಗುವುದು ಇಲ್ಲೇ. ನಮ್ಮ ಅಕ್ಕನವರ ಕೈಗೆ ಟಿಕೆಟ್ ಸಿಕ್ಕಿದ್ದು ಪಾರ್ಕಿಗೆ ಹೋಗುವ ದಿನ ಬೆಳಿಗ್ಗೆ, ಬಸ್ಸಿನಲ್ಲಿ. ಕಂಪನಿಯವರು ಎಲ್ಲರ ಟಿಕೆಟ್ಟನ್ನೂ ಒಟ್ಟಿಗೆ ಇಟ್ಟುಕೊಂಡಿದ್ದರು. ನಂಬರೇ ಇಲ್ಲದ ಮೇಲೆ ಮೂರು ದಿನ ಮುಂಚೆ ಯಾರು, ಏನು ಬುಕ್ ಮಾಡುವುದಕ್ಕಾಗುತ್ತದೆ? ಬಸ್ಸು ಗೇಟಿಗೆ ಬಂದಾಗ ಹತ್ತು ಗಂಟೆ ದಾಟಿತ್ತು. ಆ ಹೊತ್ತಿಗೆ ಹುಡುಗ ಫೋನ್ ತೆಗೆದು ನೋಡಿದರೆ ಬೇಕಾದ ರೈಡುಗಳಿಗೆಲ್ಲ ಸಾಯಂಕಾಲದ ಹೊತ್ತೇ ಉಳಿದಿತ್ತು. ಸಾಯಂಕಾಲ ಆರಕ್ಕೆ ಬಸ್ಸು ವಾಪಸ್! ದುಡ್ಡು ಕೊಡಲು ತಯಾರಿದ್ದರೂ ಪಾಸಿನಿಂದ ಏನೂ ಉಪಯೋಗ ಇರಲಿಲ್ಲ. ಪಾರ್ಕು ತೆರೆದ ಮೊದಲ ಒಂದು ಗಂಟೆಯಲ್ಲಿ ಕ್ಯೂ ಚಿಕ್ಕದಾಗಿರುತ್ತದೆ, ಪಾಸ್ ಇಲ್ಲದೆಯೂ ಎರಡು ಮೂರು ರೈಡ್ ಮುಗಿಸಬಹುದು. ಅದೂ ಬಸ್ಸಿನಲ್ಲೇ ಕಳೆದುಹೋಯಿತು.

ಮೊದಲೇ ಹೋಗಿ ಬಂದ ನೆಂಟರನ್ನು ಕೇಳಿಕೊಂಡು ಹೋಗೋಣ ಅಂದರೆ ಅದೂ ಸರಿಹೋಗುವುದಿಲ್ಲ. 1999ರಲ್ಲಿ ಡಿಸ್ನಿ ತಂದ ಫಾಸ್ಟ್‌ಪಾಸ್ ಪುಕ್ಕಟೆಯಾಗಿತ್ತು. ಕೋವಿಡ್ ಬರುವವರೆಗೂ ಟಿಕೆಟ್ ಇದ್ದವರಿಗೆಲ್ಲ ಸಿಗುತ್ತಿತ್ತು. ಹಾಗಾಗಿ 2018ರಲ್ಲಿ ಹೋಗಿ ಬಂದವರು ‘ದುಡ್ಡು ಯಾಕೆ, ಫ್ರೀ ಅಲ್ವಾ’ ಅನ್ನುತ್ತಾರೆ. ಅವರು ಹೇಳುವುದು ಆ ಕಾಲಕ್ಕೆ ನಿಜ. 2021ರ ಅಕ್ಟೋಬರಿನಲ್ಲಿ ಅದನ್ನು ತಲೆಗೆ 15 ಡಾಲರಿನ ಸೇವೆ ಮಾಡಿದರು. ಆಮೇಲೆ ದಿನಕ್ಕೊಂದು ದರ, ಪಾರ್ಕಿಗೊಂದು ದರ ಬಂತು. ಈಗಿನ ಹೆಸರು, ಈಗಿನ ನಿಯಮ 2024ರ ಜುಲೈಯಿಂದ.

ಹಾಗಂತ ಮನೆಮಂದಿಗೆಲ್ಲ ಪಾಸ್ ಕೊಳ್ಳಿ ಅಂತ ನಾನು ಖಂಡಿತ ಹೇಳುವುದಿಲ್ಲ. ನಮ್ಮವರು ಹೋಗುವುದು ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿ. ಅಕ್ಕನಿಗೆ ಮಂಡಿ ನೋವು, ಅವಳು ಸ್ಪೇಸ್ ಮೌಂಟನ್ ಅನ್ನುವ ರೋಲರ್ ಕೋಸ್ಟರ್ ಹತ್ತುತ್ತಾಳಾ? ಸಣ್ಣ ಮೊಮ್ಮಗು 44 ಇಂಚು ಎತ್ತರ ಇಲ್ಲದಿದ್ದರೆ ಅದನ್ನೂ ಬಿಡುವುದಿಲ್ಲ. ಪಾಸಿನ ದರವೋ, ಮೂರು ವರ್ಷ ತುಂಬಿದ ಮಗುವಿಗೂ ದೊಡ್ಡವರಷ್ಟೇ. ರೈಡಿಗೆ ಹೋಗುವವರು ಯಾರು ಅಂತ ಮನೆಯಲ್ಲೇ ಕೂತು ಎಣಿಸಿದರೆ ಅರ್ಧ ದುಡ್ಡು ಉಳಿಯುತ್ತದೆ. ಎಪ್ಕಾಟ್ ಅನ್ನುವ ಪಾರ್ಕಿನಲ್ಲಿ 11 ದೇಶಗಳ ಮಂಟಪ ಸುತ್ತಿ ನೋಡುವುದಕ್ಕೆ ಯಾವ ಪಾಸೂ ಬೇಡ. ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಸುತ್ತ ಓಡುವ ರೈಲಿಗೂ ಬೇಡ. ಸಣ್ಣ ಮಕ್ಕಳಿರುವವರಿಗೆ ರೈಡರ್ ಸ್ವಿಚ್ ಅಂತ ಪುಕ್ಕಟೆ ಸೌಲಭ್ಯ ಇದೆ. ಅಪ್ಪ ರೈಡಿಗೆ ಹೋದಾಗ ಅಮ್ಮ ಮಗುವಿನ ಜೊತೆ ಹೊರಗಿದ್ದರೆ, ಆಮೇಲೆ ಅವಳು ಮತ್ತೆ ಉದ್ದದ ಕ್ಯೂ ನಿಲ್ಲದೆ ಹೋಗಿ ಬರಬಹುದು. ಕ್ಯೂ ಶುರುವಾಗುವಲ್ಲಿ ನಿಂತ ಸಿಬ್ಬಂದಿಯನ್ನು ಕೇಳಬೇಕು, ಅಷ್ಟೇ. ಕೇಳಬೇಕು ಅಂತಲೇ ನಮ್ಮವರಿಗೆ ಗೊತ್ತಿರಲಿಲ್ಲ.

ಒಂದು ಮಾತು ಹೇಳದೆ ಇರಲಾರೆ. ಪಾಸಿನವರದೊಂದು ಸಾಲು, ಪಾಸ್ ಇಲ್ಲದವರದೊಂದು ಸಾಲು, ಈ ಎರಡೂ ರೈಡ್ ಹತ್ತುವ ಸ್ವಲ್ಪ ಮುಂಚೆ ಒಂದಾಗುತ್ತವೆ. ಅಲ್ಲಿ ಒಬ್ಬರು ನಿಂತು ಪಾಸಿನವರನ್ನು ಗುಂಪುಗುಂಪಾಗಿ ಒಳಗೆ ಬಿಡುತ್ತಾರೆ, ಆಮೇಲೆ ಈ ಕಡೆಯಿಂದ ಕೆಲವರನ್ನು, ಮತ್ತೆ ಪಾಸಿನವರನ್ನು. ಗಂಟೆಗಟ್ಟಲೆ ನಿಂತ ಮಕ್ಕಳು ಅದನ್ನೇ ನೋಡುತ್ತಿರುತ್ತಾರೆ. ರೈಡಿನಲ್ಲಿ ಇರುವುದು ಅಷ್ಟೇ ಸೀಟು. ಪಾಸಿನವರು ಉಳಿಸಿಕೊಂಡ ಹೊತ್ತು ಈ ಮಕ್ಕಳ ಕ್ಯೂಗೆ ಸೇರುತ್ತದೆ. ಟಿಕೆಟಿಗೆ ಅಷ್ಟೊಂದು ದುಡ್ಡು ಕೊಟ್ಟವರನ್ನು ಹೀಗೆ ಎರಡು ಜಾತಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅಮೆರಿಕದ ಕಂಪನಿಯ ನಿಯಮ ನಾವಿಲ್ಲಿ ಕೂತು ಬದಲಾಯಿಸೋಕೆ ಆಗಲ್ಲ, ನಿಜ. ಇಲ್ಲಿ, ನಮ್ಮೂರಿನಲ್ಲಿ ದುಡ್ಡು ಇಸಿದುಕೊಳ್ಳುವವರನ್ನು ಕೇಳಬಹುದಲ್ವಾ?

ಪ್ಯಾಕೇಜ್ ಕೊಳ್ಳುವವರು ಇಷ್ಟು ಬರವಣಿಗೆಯಲ್ಲಿ ಕೇಳಿ. ಯಾವ ಪಾರ್ಕು, ಎಷ್ಟು ಗಂಟೆಗೆ ಗೇಟಿನ ಹತ್ತಿರ ಇಳಿಸುತ್ತೀರಿ, ಎಷ್ಟಕ್ಕೆ ವಾಪಸ್? ಮಲ್ಟಿ ಪಾಸ್ ಸೇರಿದೆಯಾ, ಸೇರಿದ್ದರೆ ರೈಡ್ ಆರಿಸುವವರು ಯಾರು? ಸೇರಿಲ್ಲದಿದ್ದರೆ ಟಿಕೆಟ್ ನಂಬರನ್ನು ನಮ್ಮ ಕೈಗೆ ಯಾವತ್ತು ಕೊಡುತ್ತೀರಿ? ಪಕ್ಕದ ಯೂನಿವರ್ಸಲ್ ಪಾರ್ಕಿಗೂ ಕರೆದುಕೊಂಡು ಹೋಗುವುದಾದರೆ ಅಲ್ಲಿಯ ಎಕ್ಸ್‌ಪ್ರೆಸ್ ಪಾಸ್ ಬೇರೆ, ಅದರ ನಿಯಮವೂ ಬೇರೆ. 2025ರ ಮೇ ತಿಂಗಳಲ್ಲಿ ತೆರೆದ ಎಪಿಕ್ ಯೂನಿವರ್ಸ್ ಅಂತೂ ಅವರದೇ ಇನ್ನೊಂದು ಪಾರ್ಕು, ಬೇರೆ ಲೆಕ್ಕ. ‘ಎಲ್ಲ ಅಲ್ಲೇ ನೋಡಿಕೊಳ್ಳೋಣ ಸಾರ್’ ಅಂದರೆ ಮುಂಗಡ ಕೊಡಬೇಡಿ.

ನಿಮ್ಮಲ್ಲೂ ಒಂದು ಬೇಡಿಕೆ. ‘ಕ್ಯೂ ಇಲ್ಲದೆ ಪ್ರವೇಶ’ ಅನ್ನುವ ಸಾಲು ಇರುವ ಜಾಹೀರಾತು ನಿಮ್ಮ ಮೇಜಿಗೆ ಬಂದಾಗ, ಯಾವ ಕ್ಯೂ ಅಂತ ಅದರಲ್ಲೇ ಬರೆಯಿಸಿ. ಟಿಕೆಟ್ ಕೌಂಟರಿನದಾ, ರೈಡಿನದಾ? ಇನ್ನೊಂದು ಪದ ಸೇರಿಸಿದರೆ ಸಾಕು. ನಿವೃತ್ತಿಯ ಹಣ ತೆಗೆದು ಮೊಮ್ಮಕ್ಕಳನ್ನು ಕರೆದುಕೊಂಡು ಹೊರಡುವವರು ಆ ಒಂದು ಪದ ನೋಡಿ ಇನ್ನೊಂದು ಕಂಪನಿಗೆ ಹೋಗಬಹುದು, ಇಲ್ಲವೇ ಮೂರು ದಿನ ಮುಂಚೆ ಸಂಜೆ ನಾಲ್ಕೂವರೆಗೆ ತಾವೇ ಫೋನ್ ಹಿಡಿದು ಕೂರಬಹುದು.

ಇಂತಿ,
ನಿಮ್ಮ ಓದುಗ, ಬೆಂಗಳೂರು